ಅಳತೆಗೆ ಸರಿಯಾದ ಬೂಟು

ಮನಾಮಾದ ಅಂಗಡಿಯಲ್ಲಿ ಹೊಸ ಬೂಟಿನೊಳಗೆ ತುರುಕಿದ್ದ ಪೇಪರ್ ಎಳೆಯುತ್ತಿದ್ದೆ. ಮಸಿಯ ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು...

ಐದು ವರ್ಷದ ಹಿಂದೆ, ಅಂದರೆ ೧೯೮೦ರಲ್ಲಿ, ನಾನು ಇಲ್ಲೇ ಬಹ್ರೇನ್‌ನಲ್ಲಿ, ಸಿಗಡಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದೆ. ಫೋರ್‌ಮನ್ ಒಬ್ಬರು ಜರ್ಮನ್ ಮುದುಕರು. ಹರೆಯದಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ರಷ್ಯಾದ ಮೇಲೆ ದಂಡೆತ್ತಿ ಹೋದ ಸೈನ್ಯದಲ್ಲಿದ್ದವರು. ಅವರ ಎಡಗಾಲಿನಲ್ಲಿ ಎರಡೇ ಬೆರಳು.

ಅವರು ನಮಗೆಲ್ಲ ಎರಡು ಸೈಜು ದೊಡ್ಡ ಬೂಟು ಕೊಡುತ್ತಿದ್ದರು. ಖಾಲಿ ಜಾಗಕ್ಕೆ ಪೇಪರ್ ತುಂಬಬೇಕು. ಊರಿಗೆ ಕಳಿಸುವ ಫೋಟೋದಲ್ಲಿ ಅದು ಕೋಣದ ಗೊರಸಿನ ಹಾಗೆ ಕಾಣುತ್ತಿತ್ತು. ನಾನು ಗುಟ್ಟಿನಲ್ಲಿ ಅಳತೆಗೆ ಸರಿಯಾದದ್ದು ಬದಲಿಸಿಕೊಂಡೆ.

ಅಷ್ಟು ದೊಡ್ಡ ಸೈನ್ಯ ಹೇಗೆ ಸೋತಿತು ಎಂದು ಒಮ್ಮೆ ಊಟದ ಹೊತ್ತಿಗೆ ಕೇಳಿದ್ದೆ. ಅವರ ಹಿಂದಿ ಹರಕು, ಆದರೂ ಅರ್ಥವಾಯಿತು. ಚಳಿಗಾಲದ ಮೊದಲೇ ಮುಗಿಯುತ್ತದೆ ಎಂದು ಬೇಸಿಗೆ ಬಟ್ಟೆಯಲ್ಲೇ ಕಳಿಸಿದರಂತೆ. ಶತ್ರು ಹಿಂದೆ ಸರಿಯುತ್ತಲೇ ಹೋದ. ಗೆದ್ದೆವೆಂದು ಇವರು ಒಳಗೆ ಹೋದಷ್ಟೂ ರೊಟ್ಟಿ, ಎಣ್ಣೆ ಹಿಂದೆ ಉಳಿಯಿತು. ಆಮೇಲೆ ಹಿಮ ಬಿತ್ತು. ರಷ್ಯಾದವರ ಬೂಟು ದೊಡ್ಡದು, ಒಳಗೆ ಹುಲ್ಲು. ಇವರದ್ದು ಅಳತೆಗೆ ಸರಿ, ಚಳಿ ನೇರ ಬೆರಳಿಗೆ...

ನಾನು ಕಾಲನ್ನು ಬೆಂಚಿನಡಿಗೆ ಎಳೆದುಕೊಂಡೆ.

ಅದಾಗಿ ಕೆಲವು ದಿನ, ಜುಲೈ ತಿಂಗಳು. ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಬೆವರಿನಲ್ಲಿ ನೆನೆದ ಬನಿಯನಿನಲ್ಲೇ, ಅದೇ ಅಳತೆಯ ಬೂಟಿನಲ್ಲೇ ಫ್ರೀಜರಿಗೆ ಹೊರಟೆ.

"ಕೋಟ್ ಹಾಕ್ ಮಾರಾಯ," ಎಂದ ನನ್ನ ಜೊತೆಗಾರ, ಕುಂದಾಪುರದವನು.

"ಹತ್ತು ನಿಮಿಷದ ಕೆಲ್ಸ. ಅದಕ್ಕೆಂಥ ಕೋಟು?"

ಬೇಕಾದ ಪೆಟ್ಟಿಗೆ ಹಿಂದಿನ ಗೋಡೆಯ ಹತ್ತಿರ ಇತ್ತು. ಎಳೆದೆ. ಮೇಲಿನ ಸಾಲು ಕುಸಿದು ದಾರಿ ಮುಚ್ಚಿತು. ಕೂಗಿದೆ. ಮೆಷಿನ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಒಂದೊಂದೇ ಪೆಟ್ಟಿಗೆ ಸರಿಸಿದೆ. ಬನಿಯನ್ ರಟ್ಟಿನ ಹಾಗೆ ಸೆಟೆಯಿತು. ಮೊದಲು ಕಾಲು ಉರಿಯಿತು, ಆಮೇಲೆ ನೋವೇ ಹೋಯಿತು. ಸರಿಯಾಯಿತು ಅಂದುಕೊಂಡೆ...

ನಾನು ಬಾರದ್ದು ನೋಡಿ ಜೊತೆಗಾರ ಫೋರ್‌ಮನ್‌ರನ್ನು ಕರೆದ. ಅವರು ಪೆಟ್ಟಿಗೆ ಸರಿಸಿ, ನನ್ನನ್ನು ಹೊರಗೆ ಎಳೆದು ಹಾಕಿ, ಚಾಕುವಿನಿಂದ ಬೂಟಿನ ಲೇಸ್ ಕೊಯ್ದರು. ಬೆರಳುಗಳು ಮೇಣದ ಬಣ್ಣಕ್ಕೆ ತಿರುಗಿದ್ದವು. ಜೊತೆಗಾರ ತೆಂಗಿನೆಣ್ಣೆ ತಂದು ಉಜ್ಜಲು ಕೂತ. ಫೋರ್‌ಮನ್ ಅವನ ಕೈಗೇ ಹೊಡೆದರು.

"ಮಾಲಿಶ್ ನಹೀ."

ಉಜ್ಜಿದರೆ ಚರ್ಮವೇ ಕಿತ್ತು ಬರುತ್ತದಂತೆ. ಅಂಗಿ ಎತ್ತಿ ನನ್ನ ಎರಡೂ ಪಾದಗಳನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು ಕೂತರು. ರಕ್ತ ವಾಪಸ್ ಬರುವಾಗಿನ ನೋವಿಗೆ ತುಳುವಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಅವರು ತಲೆಯಾಡಿಸಿದರು. ನೋವಾದರೆ ಬೆರಳು ಬದುಕಿದೆ ಎಂದರ್ಥ. ಹತ್ತೂ ಬದುಕಿದವು.

ಮರುವರ್ಷ ಅವರು ತಮ್ಮ ದೇಶಕ್ಕೆ ಹೋದರು. ಈಗ ಕಳೆದ ತಿಂಗಳು ತೀರಿಕೊಂಡರಂತೆ. ಸುದ್ದಿ ಕೇಳಿ ಜೊತೆಗಾರ, "ಅವ ರಷ್ಯಾದಲ್ಲಿ ಎಷ್ಟ್ ಜನರನ್ನ ಕೊಂದಿದ್ನೋ ಏನೋ," ಎಂದ.

ನನಗೆ ಗೊತ್ತಿಲ್ಲ. ಸೋತದ್ದು ಹೇಗೆ ಎಂದು ಮಾತ್ರ ಕೇಳಿದ್ದೆ, ಅಲ್ಲಿಗೆ ಹೋದದ್ದು ಯಾಕೆ ಎಂದು ಕೇಳಿರಲಿಲ್ಲ. ಇನ್ನು ಕೇಳುವ ಹಾಗೂ ಇಲ್ಲ. ಎಳೆದ ಪೇಪರನ್ನು ಮತ್ತೆ ಬೂಟಿನೊಳಗೆ ತುರುಕಿದೆ.