ಸೋಸದ ಗಂಜಿ

ಬೆಳಗಿನ ರೈಲಿನಲ್ಲಿ ಗದಗ ಸ್ಟೇಷನ್ನಿಗೆ ಬರುತ್ತಿದ್ದ ಪತ್ರಿಕೆಯ ಕಟ್ಟುಗಳನ್ನು ಮೋಟಾರ್ ಸೈಕಲ್ ಮೇಲೆ ಹೇರಿಕೊಂಡು ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಬೆಳ್ಳಟ್ಟಿ ದಾಟಿ ಮುಂಡರಗಿಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಆಯಾ ಊರಿನ ಸುದ್ದಿಯನ್ನು ಬರೆದು ಕಳಿಸುವವನೂ ನಾನೇ. ಸ್ವಾತಂತ್ರ್ಯ ಬರುವ ತನಕ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಮುಂಡರಗಿ ಮುಂಬೈ ಸರಕಾರದ್ದು. ಆಮೇಲೆ ಗಡಿಗಳು ಹೋದವು. ರಸ್ತೆಯ ಮೇಲಿನ ಜಾಲಿಮುಳ್ಳು ಹೋಗಲಿಲ್ಲ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಗಾಡಿ ಅದು. ಇಂಜಿನ್ನಿನ ಬಗ್ಗೆ ದೂರಿಲ್ಲ. ಆದರೆ ಬೇಲಿಗೆಂದು ಚಕ್ಕಡಿಯಲ್ಲಿ ಸಾಗಿಸುವ ಜಾಲಿಯ ಕಂಟಿಗಳಿಂದ ದಾರಿಯುದ್ದಕ್ಕೂ ಮುಳ್ಳು ಉದುರಿರುತ್ತಿದ್ದವು. ಟೈರು ಕಳಚಿ, ಟ್ಯೂಬಿಗೆ ತೇಪೆ ಹಚ್ಚಿ, ಗಾಳಿ ಹೊಡೆದು ಮುಂಡರಗಿ ಸೇರುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ಅಲ್ಲಿ ಪತ್ರಿಕೆ ಮಾರುತ್ತಿದ್ದ ಮುದುಕ ಕಟ್ಟು ಬಿಚ್ಚುವ ಮೊದಲು ಅದನ್ನು ಮೂಸಿ ನೋಡುತ್ತಿದ್ದ.

"ಹಳಸೇತಿ ನೋಡಪಾ, ನಿನ್ನ ಖಬರ."

ಏಕೀಕರಣದ ದಿನ ಹತ್ತಿರ ಬಂದಾಗ ಪತ್ರಿಕೆಯ ಕಚೇರಿಯಿಂದ ಖಂಡಿತವಾದ ಮಾತು ಬಂತು. ಹೊಸ ರಾಜ್ಯದ ಸುದ್ದಿ ಹೊತ್ತ ಸಂಚಿಕೆ ಮಧ್ಯಾಹ್ನದ ಸಭೆಗೆ ಮೊದಲು ಮುಂಡರಗಿಯಲ್ಲಿ ಇರಬೇಕು. ತಡವಾದರೆ ಮರುದಿನದಿಂದ ಕಟ್ಟುಗಳು ಬಸ್ಸಿಗೆ, ನಾನು ಮನೆಗೆ.

ಸೈನ್ಯದಲ್ಲಿ ಟ್ಯೂಬಿನೊಳಗೆ ಏನೋ ಅಂಟು ಬಿಡುತ್ತಿದ್ದರು, ಮುಳ್ಳು ಚುಚ್ಚಿದರೂ ಗಾಳಿ ಹೋಗುತ್ತಿರಲಿಲ್ಲ ಎಂದು ಗಾಡಿ ಮಾರಿದವನು ಹೇಳಿದ್ದ. ಆ ಅಂಟು ನಮ್ಮ ಕಡೆ ಸಿಗುವಂತಿರಲಿಲ್ಲ. ನಮ್ಮ ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿ. ಅವ್ವ ಕುಳಿಮಗ್ಗದ ಮೇಲೆ ಸೀರೆ ನೇಯುತ್ತಿದ್ದಳು. ಹಾಸಿನ ನೂಲಿಗೆ ಗಟ್ಟಿತನ ಬರಲೆಂದು ಜೋಳದ ಹಿಟ್ಟಿನ ಗಂಜಿ ಹಚ್ಚುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅದನ್ನೇ ಟ್ಯೂಬಿಗೆ ಬಿಟ್ಟರೆ ಹೇಗೆ ಎಂದು ಕೇಳಿದೆ. ಅವ್ವ ನಕ್ಕಳು, ಆಮೇಲೆ ಒಲೆ ಹಚ್ಚಿದಳು.

ಸೀರೆಗೆ ಮಾಡುವ ಹಾಗೆಯೇ ಮಾಡಿದಳು. ಕುದಿಸಿ, ಆರಿಸಿ, ತೆಳು ಅರಿವೆಯಲ್ಲಿ ಸೋಸಿ, ಮತ್ತೊಮ್ಮೆ ಸೋಸಿ. ವಾಲ್ವ್ ಬಿಚ್ಚಿ ಎಣ್ಣೆ ಹಾಕುವ ಪಿಚಕಾರಿಯಿಂದ ಅದನ್ನು ಒಳಗೆ ಬಿಟ್ಟೆ. ಗಾಳಿ ತುಂಬಿ, ಗಾಲಿ ತಿರುಗಿಸಿ, ಮುಳ್ಳೊಂದನ್ನು ಚುಚ್ಚಿ ಕಿತ್ತೆ. ಹಾಲಿನಂಥ ಗಂಜಿ ಸಣ್ಣ ಧಾರೆಯಾಗಿ ಹೊರಗೆ ಬಂತು, ಅದರ ಹಿಂದೆಯೇ ಗಾಳಿ. ಎದುರುಮನೆಯ ಹೆಂಗಸು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು.

"ಏನ ಅಕ್ಕಾ, ಗಾಡಿಗೂ ಸೀರಿ ಉಡಸಾಕ್ಹತ್ತೀಯೇನ?"

ಗಂಜಿಯನ್ನು ಗಟ್ಟಿ ಮಾಡಿ ನೋಡಿದೆವು, ತೆಳು ಮಾಡಿ ನೋಡಿದೆವು. ಪ್ರತಿ ಸಲವೂ ಅದೇ ಧಾರೆ. ಒಂದು ಬೆಳಿಗ್ಗೆ ಅವ್ವ ಅರಿವೆ ಝಾಡಿಸುವಾಗ ಅದರಲ್ಲಿ ಉಳಿದದ್ದು ನನ್ನ ಕಣ್ಣಿಗೆ ಬಿತ್ತು. ಸಣ್ಣ ಗಂಟು, ತೌಡು, ಮಗ್ಗದಿಂದ ಹಾರಿ ಬಂದು ಬಿದ್ದ ನೂಲಿನ ಜುಂಗು. ತೂತು ಮುಚ್ಚುವಂಥದ್ದೆಲ್ಲ ಅರಿವೆಯಲ್ಲೇ ಉಳಿಯುತ್ತಿತ್ತು.

ಸೋಸಬೇಡ ಎಂದೆ. ಅವಳು ಒಪ್ಪಲಿಲ್ಲ. ಗಂಟು ಉಳಿದ ಗಂಜಿ ಎಂದರೆ ನಮ್ಮ ಓಣಿಯಲ್ಲಿ ಸಣ್ಣ ಮಾತಲ್ಲ. ಮದುವೆಯಾಗಿ ಬಂದ ಸೊಸೆಯನ್ನು ಮೊದಲು ಅಳೆಯುತ್ತಿದ್ದದ್ದು ಅದರಲ್ಲೇ.

"ಸೋಸದ ಗಂಜಿ ನನ್ನ ಕೈಲೆ ಇವತ್ತಿನ ತನಕ ಹೊರಗ ಹೋಗಿಲ್ಲ" ಎಂದಳು.

"ಟೈರಿನ ಒಳಗಿರತೈತಿ ಅವ್ವಾ. ಯಾರಿಗೂ ಕಾಣೂದಿಲ್ಲ."

ಆ ಮಾತಿನ ಮೇಲೆ ಒಪ್ಪಿದಳು.

ಏಕೀಕರಣದ ದಿನ ನಸುಕಿನಲ್ಲೇ ಎದ್ದು ಹೊಸ ಗಂಜಿ ಕಾಸಿದಳು. ಮಗ್ಗದ ಕೆಳಗಿನ ಜುಂಗನ್ನು ಕತ್ತರಿಯಿಂದ ಪುಡಿ ಮಾಡಿ ತಾನೇ ಬೆರೆಸಿದಳು. ಅದನ್ನು ಎರಡೂ ಟ್ಯೂಬಿಗೆ ಬಿಟ್ಟು, ಸ್ಟೇಷನ್ನಿನಲ್ಲಿ ಕಟ್ಟು ಹೇರಿಕೊಂಡು ಹೊರಟೆ. ಮುಳಗುಂದದಲ್ಲಿ ಬಾವುಟ ಕಟ್ಟುತ್ತಿದ್ದರು. ಲಕ್ಷ್ಮೇಶ್ವರದಲ್ಲಿ ಕಟ್ಟಿ ಆಗಿತ್ತು. ಶಿರಹಟ್ಟಿ ದಾಟಿದ ಮೇಲೆ ಹಿಂದಿನ ಗಾಲಿ ಬುಸ್ ಎಂದಿತು. ಇಳಿದು ಬಗ್ಗಿ ನೋಡಿದೆ. ಮುಳ್ಳು ಮುರಿದು ಬಿದ್ದಿತ್ತು, ತೂತಿನ ಬಾಯಲ್ಲಿ ಬಿಳಿಯ ಗುಳ್ಳೆಯೊಂದು ಉಬ್ಬುತ್ತಿತ್ತು. ಗುಳ್ಳೆ ಒಡೆಯಿತು, ಮತ್ತೆ ಉಬ್ಬಿತು, ಆಮೇಲೆ ಹಾಗೇ ನಿಂತಿತು. ಸದ್ದೂ ನಿಂತಿತು. ಪಂಪಿನಿಂದ ಸ್ವಲ್ಪ ಗಾಳಿ ಹೊಡೆದು ಮುಂದೆ ಹೋದೆ. ಬೆಳ್ಳಟ್ಟಿಯ ಆಚೆ ಇನ್ನೊಂದು ಮುಳ್ಳಿಗೂ ಹಾಗೆಯೇ ಆಯಿತು.

ಮುಂಡರಗಿಯಲ್ಲಿ ಸಭೆಗೆ ಇನ್ನೂ ಜಮಖಾನೆ ಹಾಸುತ್ತಿದ್ದರು. ಮುದುಕ ವಾಡಿಕೆಯಂತೆ ಕಟ್ಟನ್ನು ಮೂಗಿಗೆ ಹಿಡಿದ. ನನ್ನ ಮುಖ ನೋಡಿದ.

"ಬಿಸಿ ಐತಿ" ಎಂದ.

ಕಟ್ಟುಗಳು ಬಸ್ಸಿಗೆ ಹೋಗಲಿಲ್ಲ, ನನ್ನ ಕೆಲಸ ನನಗೇ ಉಳಿಯಿತು. ಸಂಜೆ ಮನೆ ಮುಟ್ಟಿ, ಸಭೆಗೆ ಮೊದಲೇ ತಲುಪಿದೆ ಎಂದಾಗ ಅವ್ವ ಮೊದಲು ನೋಡಿದ್ದು ಗಾಲಿಯನ್ನು. ಟೈರಿನ ಗೀರುಗಳಲ್ಲಿ ಗಂಜಿ ಹೊರಬಂದು ಗಂಟುಗಂಟಾಗಿ ಒಣಗಿತ್ತು. ಯಾರಿಗೂ ಕಾಣುವುದಿಲ್ಲ ಎಂದ ನನ್ನ ಮಾತು ಸುಳ್ಳಾಗಿತ್ತು. ನಾನು ಒರೆಸಲು ಅರಿವೆ ತೆಗೆದುಕೊಂಡೆ. ಅಷ್ಟರಲ್ಲಿ ಎದುರುಮನೆಯವಳು ಹೊರಗೆ ಬಂದಳು.

ಅವ್ವ ನನ್ನ ಕೈಯಿಂದ ಅರಿವೆ ಕಿತ್ತುಕೊಂಡಳು. ಎಲ್ಲಕ್ಕಿಂತ ದೊಡ್ಡ ಗಂಟು ಓಣಿಯ ಕಡೆಗೆ ಕಾಣುವ ತನಕ ಗಾಡಿಯನ್ನು ನಿಧಾನಕ್ಕೆ ಮುಂದೆ ತಳ್ಳಿ ನಿಲ್ಲಿಸಿದಳು.

"ಸೋಸಿಲ್ಲ" ಎಂದಳು, ಎದುರುಮನೆಗೆ ಕೇಳುವ ಹಾಗೆ.