ಎಲ್ಡನ್ ನೊವಾಕ್‌ಗಾಗಿ ಎದ್ದು ನಿಂತವರು

ಅಮೆರಿಕದ ಮಿಲ್ವಾಕಿ ನಗರದಲ್ಲಿ ಸೂರಿಲ್ಲದೆ ತೀರಿಕೊಂಡವರಿಗೆ ಒಂದು ವಿದಾಯ ಸಲ್ಲಬೇಕು ಎಂಬ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಶ್ರೀಮತಿ ಒಡೆಸ್ಸಾ ಕ್ರಮ್ಲಿ ಅವರದು. ಮರ್ಸರ್ ಬೀದಿಯ ಹಗಲು ಆಶ್ರಯದ ಅಡುಗೆಮನೆಗೆ ಸೂಪು ಕಲಕಲು ಬಂದು, ಕೊನೆಗೆ ಅದೇ ಆಶ್ರಯದ ಮುಖ್ಯಸ್ಥೆಯಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ದೊಡ್ಡವರು, ಚಿಕ್ಕವರು, ಪೊಲೀಸರು, ಪಾದ್ರಿಗಳು, ಎಲ್ಲರೂ ಕರೆಯುವುದು ‘ಮಿಸ್ ಒಡೆಸ್ಸಾ’ ಎಂದೇ.

ಅವರು ಸೇರಿದ ಮೊದಲ ಚಳಿಗಾಲದಲ್ಲೇ, ದಿನವೂ ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುತ್ತಿದ್ದ ಒಬ್ಬ ಮುದುಕ ತೀರಿಕೊಂಡ. ಮಣ್ಣು ಮಾಡುವಾಗ ಅಲ್ಲಿದ್ದವರು ಗುಂಡಿ ತೋಡಿದವರು ಮಾತ್ರ ಎಂದು ತಿಳಿದು ಒಡೆಸ್ಸಾ ಅವರಿಗೆ ಅನ್ನ ಸೇರಲಿಲ್ಲ. ಮುಂದಿನ ವಾರ ಆಶ್ರಯದ ಅಂಗಳದಲ್ಲಿ ಜನರನ್ನು ಸೇರಿಸಿ, ಆ ಮುದುಕನ ಹೆಸರು ಹೇಳಿ, “ಇವನನ್ನು ಬಲ್ಲವರು ಎದ್ದು ನಿಲ್ರಪ್ಪಾ” ಎಂದರು. ನಮ್ಮ ಡಿಸೆಂಬರ್ ಸ್ಮರಣೆ ಶುರುವಾದದ್ದು ಹಾಗೆ. ಹೂವಿನ ಬದಲು ಒಂದೊಂದು ಹೆಸರಿಗೆ ಒಂದೊಂದು ಜೊತೆ ಹೊಸ ಉಣ್ಣೆಯ ಕಾಲುಚೀಲವನ್ನು ಮೇಜಿನ ಮೇಲಿಡುವ ಪದ್ಧತಿಯೂ ಅವರದೇ. ಸ್ಮರಣೆ ಮುಗಿದ ಮೇಲೆ ಬೇಕಾದವರು ಹಾಕಿಕೊಂಡು ಹೋಗಬಹುದು. ಹೆಸರು ಕರೆಯುತ್ತಾರೆ, ಬಲ್ಲವರು ಏಳುತ್ತಾರೆ, ತೋಚಿದ್ದನ್ನು ಹೇಳುತ್ತಾರೆ. ಒಬ್ಬರ ಹೆಸರನ್ನು ಒಂದೇ ವರ್ಷ ಕರೆಯುವುದು ರೂಢಿ, ಏಕೆಂದರೆ ಮರುವರ್ಷಕ್ಕೆ ಹೊಸ ಹೆಸರುಗಳು ಕಾದಿರುತ್ತವೆ.

ಅವರು ಎಷ್ಟು ಜನರ ಜ್ವರಕ್ಕೆ ಔಷಧಿ ತಂದರು, ಎಷ್ಟು ಜಗಳ ಬಿಡಿಸಿದರು ಎಂಬುದನ್ನು ಈ ಅಭಿನಂದನಾ ಸಂಪುಟದ ಬೇರೆ ಲೇಖನಗಳು ಹೇಳುತ್ತವೆ. ಇಲ್ಲಿ ಹೇಳಬೇಕಾದದ್ದು, ಅವರಿಗೆ ಇಂದಿಗೂ ಸರಿಯಾಗಿ ಅರ್ಥವಾಗದ, ಕೇಳಿದರೆ ಕೈ ಅಗಲಿಸಿಬಿಡುವ ಒಂದು ಪ್ರಸಂಗ.

ಅದೊಂದು ವರ್ಷ ಸ್ಮರಣೆಗೆ ಶಿಬಾಯ್ಗನ್ ಊರಿನಿಂದ ಮಾರ್ಸಿ ಎಂಬ ಹೆಂಗಸು ಬಂದು ಮುಂದಿನ ಸಾಲಿನಲ್ಲಿ ಕೂತರು. ಅವರ ತಮ್ಮ ಎಲ್ಡನ್ ನೊವಾಕ್ ಅಕ್ಟೋಬರ್‌ನಲ್ಲಿ ಸೇತುವೆಯ ಕೆಳಗೆ ಸತ್ತಿದ್ದ. ಅವನು ಮನೆ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ತಮ್ಮನನ್ನು ಬಲ್ಲ ಒಬ್ಬರ ಮುಖವನ್ನಾದರೂ ನೋಡಿ ಹೋಗಬೇಕು ಎಂಬುದೊಂದೇ ಅವರ ಆಸೆ. ಒಡೆಸ್ಸಾ ಅವರು “ಎಲ್ಡನ್ ನೊವಾಕ್” ಎಂದು ಕರೆದರು. ಯಾರೂ ಏಳಲಿಲ್ಲ. ಮತ್ತೆ ಕರೆದರು. ಬೀದಿಯಲ್ಲಿ ಕಾಗದದ ಹೆಸರು ಯಾರಿಗೆ ಗೊತ್ತು? ಅಲ್ಲಿ ಎಲ್ಲರಿಗೂ ಬೇರೆಯೇ ಹೆಸರು. ಮಾರ್ಸಿ ತಲೆ ತಗ್ಗಿಸಿದ್ದನ್ನು ಕಂಡು ಒಡೆಸ್ಸಾ ಅವರು ಮುಂದಿನ ಹೆಸರನ್ನು ಪಕ್ಕಕ್ಕಿಟ್ಟು ಅವರತ್ತ ಬಾಗಿದರು.

“ಹೇಗಿದ್ದನಮ್ಮಾ ನಿನ್ನ ತಮ್ಮ? ಏನಾದ್ರೂ ಗುರುತು ಹೇಳು.”

“ಉದ್ದಕ್ಕಿದ್ದ. ಊಟ ಮಾಡ್ತಾ ಗುನುಗ್ತಿದ್ದ. ಅಪ್ಪ ಎಷ್ಟು ಬೈದ್ರೂ ಬಿಡ್ತಿರಲಿಲ್ಲ.”

ಹಿಂದಿನಿಂದ ಲೂಥರ್ ಎದ್ದ. ಆಶ್ರಯದಲ್ಲಿ ಅವನಷ್ಟು ಮಾತಿನ ಮಲ್ಲ ಇನ್ನೊಬ್ಬನಿಲ್ಲ. “ಅಯ್ಯೋ ದೇವರೇ, ಅದು ನಮ್ಮ ಬಿಸ್ಕೆಟ್ ಅಲ್ವೇನ್ರೋ!” ಕೊಟ್ಟ ಬಿಸ್ಕೆಟ್‌ಗಳಲ್ಲಿ ಅರ್ಧ ಜೇಬಿಗಿಳಿಸುತ್ತಿದ್ದುದರಿಂದ ಬಿಸ್ಕೆಟ್ ಎನಿಸಿಕೊಂಡವನು ಎಲೆ ಉದುರುವ ಕಾಲದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಉದ್ದಕ್ಕಿದ್ದ, ಗುನುಗುತ್ತಿದ್ದ. ಇನ್ನೇನು ಬೇಕು? ಅರ್ಧ ಅಂಗಳವೇ ಎದ್ದು ನಿಂತಿತು. ಹಸಿದ ನಾಯಿಗೆ ಅವನು ಮಾಂಸದ ಚೂರು ಹಾಕಿದ್ದು, ನನ್ನನ್ನು ಮದುವೆಯಾಗುತ್ತೀಯಾ ಎಂದು ಆಶ್ರಯದ ನರ್ಸಮ್ಮನನ್ನು ಕೇಳಿದ್ದು, ಒಂದೊಂದೇ ಕಥೆ ಹೊರಬಂತು. ಮಾರ್ಸಿ ಅಳುತ್ತಲೇ ನಕ್ಕರು, ಹೋಗುವಾಗ ಒಡೆಸ್ಸಾ ಅವರ ಕೈ ಹಿಡಿದು, “ಅವನು ಒಂಟಿಯಾಗಿರಲಿಲ್ಲ. ನಂಗಿಷ್ಟು ಸಾಕು” ಎಂದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಬಿಸಿಲಿಗೆ ಮೂಗಿನ ಚರ್ಮ ಸುಲಿದುಕೊಂಡು, ಬಿಸ್ಕೆಟ್ ಆಶ್ರಯದ ಬಾಗಿಲಲ್ಲಿ ನಿಂತಿದ್ದ. ಫ್ಲೋರಿಡಾದಲ್ಲಿರುವ ಸೋದರತ್ತೆಯ ಮಗನ ಮನೆಗೆ ಹೋಗಿದ್ದನಂತೆ.

“ಮಿಸ್ ಒಡೆಸ್ಸಾ, ಕಾಫಿ ಇದೆಯಾ? ಇಲ್ಲಾ, ಸತ್ತವರಿಗೆ ಕೊಡಲ್ವಾ?”

ಬಸ್ಸಿಳಿದಲ್ಲೇ ಲೂಥರ್ ಅವನಿಗೆ ಎಲ್ಲ ಹೇಳಿಯಾಗಿತ್ತು. “ಎಷ್ಟು ಚೆನ್ನಾಗಿ ಮಾತಾಡಿದೆ ಗೊತ್ತಾ ನಿನ್ನ ಬಗ್ಗೆ! ನಾನೇ ಅತ್ಬಿಟ್ಟೆ” ಎಂದ ಲೂಥರ್.

“ಬದುಕಿದ್ದಾಗ ಒಂದು ಸಿಗರೇಟು ಕೊಟ್ಟವನಲ್ಲ, ಅಳ್ತಾನಂತೆ.”

ಎಲ್ಲರೂ ನಕ್ಕರು. ಒಡೆಸ್ಸಾ ಅವರು ನಗಲಿಲ್ಲ. ಬಿಸ್ಕೆಟ್ ಬದುಕಿದ್ದಾನೆಂದು ಸಂತೋಷಪಡಬೇಕೋ, ಎಲ್ಡನ್‌ಗೆ ಮೋಸವಾಯಿತೆಂದು ದುಃಖಪಡಬೇಕೋ, ಅವರಿಗೆ ತಿಳಿಯಲಿಲ್ಲ. ಮಾರ್ಸಿಗೆ ಹೇಳುವುದು ಬೇಡ, ಅವರ ಪಾಡಿಗೆ ಅವರಿರಲಿ ಎಂದು ನಾವೆಲ್ಲ ಒಮ್ಮತದಿಂದ ಹೇಳಿದೆವು. ಒಡೆಸ್ಸಾ ಅವರು ಆಯಿತು ಎಂದರು. ಮಾರನೆಯ ದಿನ ಇಲ್ಲ, ಹೇಳಲೇಬೇಕು ಎಂದರು. ಮತ್ತೆ ಆಯಿತು ಎಂದರು. ಹೀಗೇ ಹಿಮ ಕರಗಿತು. ಕೊನೆಗೆ ಶಿಬಾಯ್ಗನ್‌ಗೆ ಹೊರಟೇಬಿಟ್ಟರು. “ಅತ್ತದ್ದು ನನಗೋಸ್ಕರ ತಾನೇ, ನಾನೂ ಬರ್ತೀನಿ” ಎಂದು ಬಿಸ್ಕೆಟ್ ಬಸ್ಸು ಹತ್ತಿದ.

ಬಾಗಿಲು ತೆರೆದ ಮಾರ್ಸಿ ಮೊದಲು ನಕ್ಕರು. ಆಮೇಲೆ ಪಕ್ಕದಲ್ಲಿ ಟೋಪಿ ತೆಗೆದು ನಿಂತವನನ್ನು ನೋಡಿದರು.

“ಮೇಡಂ, ಆ ನಾಯಿಗೆ ಮಾಂಸ ಹಾಕಿದವನು ನಾನೇ” ಎಂದ ಬಿಸ್ಕೆಟ್. “ನಿಮ್ಮ ತಮ್ಮನ್ನ ನಾನು ನೋಡೇ ಇಲ್ಲ.”

ಮಾರ್ಸಿ ಒಡೆಸ್ಸಾ ಅವರ ಕಡೆ ತಿರುಗಿದರು. “ಹಾಗಾದ್ರೆ ಎಲ್ಡನ್‌ಗೆ ಯಾರೂ ಎದ್ದು ನಿಲ್ಲಲಿಲ್ಲ.”

“ಇಲ್ಲಮ್ಮ. ಯಾರೂ ನಿಲ್ಲಲಿಲ್ಲ.”

ಬಾಗಿಲು ಮುಚ್ಚಿತು. ಹಿಂದಿರುಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಮೆಟ್ಟಿಲ ಮೇಲೆಯೇ ಕೂತರು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆರೆದ ಮಾರ್ಸಿ, “ಒಳಗೆ ಬನ್ನಿ, ಚಳಿ ಇದೆ” ಎಂದರು, ಸಿಟ್ಟಿನಿಂದಲೇ. ಸೂಪು ಬಡಿಸಿದರು. ಬಿಸ್ಕೆಟ್ ಗುನುಗತೊಡಗಿದ. ಮಾರ್ಸಿ ಎದ್ದು ಒಳಗೆ ಹೋದವರು ಅವನು ಉಂಡು ಮುಗಿಸುವವರೆಗೂ ಬರಲಿಲ್ಲ. ತಾವು ಮಾಡಿದ್ದು ಸರಿಯೇ ಎಂದು ಒಡೆಸ್ಸಾ ಅವರು ದಾರಿಯುದ್ದಕ್ಕೂ ಕೇಳಿದರು. “ನನ್ನನ್ನ ಕೇಳ್ಬೇಡಿ, ನಾನು ಸತ್ತವನು” ಎಂದ ಬಿಸ್ಕೆಟ್.

ಆ ಡಿಸೆಂಬರ್‌ನಲ್ಲಿ ಒಡೆಸ್ಸಾ ಅವರು ತಾವೇ ಮಾಡಿದ ರೂಢಿಯನ್ನು ಮುರಿದು, ಎಲ್ಡನ್ ನೊವಾಕ್‌ನ ಹೆಸರನ್ನು ಮತ್ತೆ ಕರೆದರು. ಹಿಂದಿನ ಸಾಲಿನಿಂದ ಮಾರ್ಸಿ ಎದ್ದರು. ಅವರು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. “ನನ್ನ ಸೈಕಲ್ ಮಾರ್ಕೊಂಡು ತಿಂದವನು ಅವನು. ಅಮ್ಮ ಸತ್ತಾಗ ಬರಲಿಲ್ಲ. ಚಿಕ್ಕಂದಿನಲ್ಲಿ ನನ್ನ ಕೂದಲಿಗೆ ಅಂಟಿದ ಗೋಂದನ್ನ, ಯಾರಿಗೂ ಹೇಳ್ದೆ, ಒಂದು ಎಳೆಯನ್ನೂ ಕೀಳದ ಹಾಗೆ ಬಿಡಿಸಿದ್ದ. ನಂಗೆ ಗೊತ್ತಿರೋದು ಇಷ್ಟೇ.” ಅವರ ಪಕ್ಕದಲ್ಲಿ ಬಿಸ್ಕೆಟ್ ಎದ್ದ. “ನಂಗೆ ಅವನು ಗೊತ್ತಿಲ್ಲ. ಅವನಿಗೆ ಸೇರಬೇಕಾದ್ದನ್ನ ನಾನು ತಗೊಂಡಿದ್ದೆ, ಅದಕ್ಕೆ ನಿಂತಿದ್ದೀನಿ” ಎಂದ.

ಅಂದಿನಿಂದ ಪ್ರತಿ ವರ್ಷ ಆ ಹೆಸರನ್ನು ಕರೆಯಲಾಗುತ್ತದೆ. ಆಶ್ರಯಕ್ಕೆ ಹೊಸಬರು ಯಾರೇ ಬರಲಿ, ಸೇತುವೆಯ ಕೆಳಗೆ ಊಟ ಮಾಡುತ್ತಾ ಗುನುಗುತ್ತಿದ್ದ ಉದ್ದನೆಯವನನ್ನು ಕಂಡಿದ್ದೀರಾ ಎಂದು ಒಡೆಸ್ಸಾ ಅವರು ಕೇಳದೆ ಬಿಡುವುದಿಲ್ಲ. ಕಂಡವರು ಈವರೆಗೆ ಸಿಕ್ಕಿಲ್ಲ. ನಿವೃತ್ತಿಯ ಮೇಲೂ ಸೋಮವಾರ ಸೋಮವಾರ ಬಂದು ಬಾಗಿಲ ಬಳಿ ಕೂರುವುದಾಗಿ ಅವರು ಹೇಳಿದ್ದಾರೆ. ಮಿಸ್ ಒಡೆಸ್ಸಾ ಅವರಿಗೆ ಗಟ್ಟಿಯಾದ ಮೊಣಕಾಲುಗಳನ್ನೂ ಚುರುಕಾದ ಕಿವಿಯನ್ನೂ ಬಹುಕಾಲದ ಆಯುಷ್ಯವನ್ನೂ ದೇವರು ಕೊಡಲಿ. ಎಲ್ಡನ್ ನೊವಾಕ್‌ನನ್ನು ನಿಜವಾಗಿ ಬಲ್ಲ ಒಬ್ಬನಾದರೂ ಆ ಬಾಗಿಲು ದಾಟಿ ಬರುವವರೆಗೆ, ಬಂದು ಎದ್ದು ನಿಲ್ಲುವವರೆಗೆ, ಅವರು ಅಲ್ಲಿ ಕೂತಿರಲಿ.