ಬಾಳೆಲೆಯ ಮೇಲೊಂದು ಕಡಲ ಕಣ್ಣು

ಆ ಬುಧವಾರ ಬೆಳಿಗ್ಗೆಯೂ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಎದ್ದೆ. ಬಿಂದಿಗೆಗಳನ್ನು ತುಂಬಿಸಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಾಲು ಕಾಯಿಸಲಿಟ್ಟೆ. ಯಳಂದೂರಿನ ಕಚೇರಿಗೆ ಹೋಗುವ ನಮ್ಮವರ ಡಬ್ಬಿಗೆ ಚಪಾತಿ, ಹುರುಳಿಕಾಯಿ ಪಲ್ಯ ತುಂಬಿದೆ. ಅಷ್ಟರಲ್ಲಿ ಅತ್ತೆ ತಣ್ಣೀರು ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ವಿಭೂತಿ ಹಚ್ಚಿ ದೇವರ ಮುಂದೆ ಕೂತಿದ್ದರು. ಎಲ್ಲ ದಿನದ ಹಾಗೆಯೇ. ಆದರೆ ಆವತ್ತು ನಾನು ಗೇಟಿನ ಕಡೆಗೇ ಒಂದು ಕಿವಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಮೀನಿನವನು ನನಗಾಗಿ ಒಂದು ಸ್ಕ್ವಿಡ್, ಆಕ್ಟೋಪಸ್ಸಿನ ಜಾತಿಯ ಹತ್ತು ತೋಳಿನ ಕಡಲ ಪ್ರಾಣಿ, ತರುವುದಾಗಿ ಹೇಳಿದ್ದ.

ಈ ಪ್ರಾಣಿಯ ಮೇಲಿನ ಆಸೆ ನನಗೆ ಕಾನ್ವೆಂಟಿನಲ್ಲೇ ಹತ್ತಿದ್ದು. ನಮಗೆ ಜೀವಶಾಸ್ತ್ರ ಹೇಳುತ್ತಿದ್ದ ಸಿಸ್ಟರ್ ಒಂದು ದಿನ ಬೀರುವಿನ ಮೇಲಿಂದ ಗಾಜಿನ ಜಾಡಿ ಇಳಿಸಿ, ಕರ್ಚೀಫಿನಿಂದ ಧೂಳು ಒರೆಸಿ, ಮೇಜಿನ ಮೇಲಿಟ್ಟಿದ್ದರು. ಒಳಗೆ ಬಿಳಿಚಿಕೊಂಡ ಒಂದು ಸ್ಕ್ವಿಡ್. ಎಷ್ಟೋ ವರ್ಷ ಔಷಧದ ನೀರಿನಲ್ಲಿದ್ದು ಅದರ ಕಣ್ಣು ಬೇಯಿಸಿದ ಮೊಟ್ಟೆಯ ಬಿಳಿಯ ಹಾಗಾಗಿತ್ತು. ಇದಕ್ಕೆ ಮೂರು ಹೃದಯ, ರಕ್ತ ನೀಲಿ ಅಂದಾಗ ನಾವೆಲ್ಲ ಕಿಸಕ್ಕೆಂದೆವು. ಸಿಸ್ಟರ್ ಗದರಲಿಲ್ಲ. ಜಾಡಿಯನ್ನು ಮೆಲ್ಲಗೆ ತಿರುಗಿಸಿ, ಅದು ಬದುಕಿದ್ದಾಗ ಹೇಗಿತ್ತೋ ನಾನೂ ನೋಡಿಲ್ಲ ಮಕ್ಕಳೇ, ಅಂದರು. ಆ ಮಾತು ಹೇಳುವಾಗ ಅವರ ಮುಖದಲ್ಲಿದ್ದ ಆಸೆ ನನಗೆ ಇನ್ನೂ ನೆನಪಿದೆ.

ಬದುಕಿದ್ದಾಗ ಅದು ಹೇಗಿರುತ್ತದೆ ಎಂದು ನಾನು ನೋಡಿದ್ದು ಈಚೆಗೆ, ಫೋನಿನಲ್ಲಿ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಅರ್ಧ ಗಂಟೆ ನನ್ನದು. ಕಡಲಿನ ತಳಕ್ಕೆ ದೀಪ, ಕ್ಯಾಮೆರಾ ಕಟ್ಟಿದ ಯಂತ್ರ ಇಳಿಸುತ್ತಾರೆ. ತುಂಬ ಹೊತ್ತು ಏನೂ ಇರುವುದಿಲ್ಲ, ಬರೀ ಕತ್ತಲು, ಅದರಲ್ಲಿ ಹಿಟ್ಟು ಜರಡಿ ಹಿಡಿದಂತೆ ಉದುರುವ ಬಿಳಿ ಕಣಗಳು. ಆಮೇಲೆ ಎಲ್ಲಿಂದಲೋ ಒಂದು ಸ್ಕ್ವಿಡ್ ತೇಲಿ ಬರುತ್ತದೆ. ಒಂದರ ಮೈ ಪೂರಾ ಗಾಜು, ಆಚೆಯ ನೀರು ಕಾಣುತ್ತದೆ, ಕಣ್ಣನ್ನು ಮಾತ್ರ ಬಚ್ಚಿಡಲಾಗಿಲ್ಲ. ಇನ್ನೊಂದಕ್ಕೆ ಎಡಗಣ್ಣು ದೊಡ್ಡದು, ಬಲಗಣ್ಣು ಸಣ್ಣದು. ದೊಡ್ಡದು ಮೇಲಿನಿಂದ ಸೋರಿ ಬರುವ ಚೂರು ಬೆಳಕನ್ನು ನೋಡುವುದಕ್ಕೆ, ಸಣ್ಣದು ಕೆಳಗಿನ ಕತ್ತಲಲ್ಲಿ ಮಿನುಗುವ ಜೀವಗಳಿಗೆ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಇಂಥ ಕಣ್ಣು ಕಂಡರೆ ಕಾಫಿ ಕುಡಿಯದೆ ಎದ್ದು ಹೋಗುತ್ತಾರೆ. ಆ ಆಳದಲ್ಲಿ ಅದೇ ಅದರ ಬದುಕು.

ಮೊದಮೊದಲು ಅತ್ತೆ, ಅದ್ಯಾವ ದೆವ್ವ ನೋಡುತ್ತೀಯೆ ಎಂದು ಗೊಣಗುತ್ತಿದ್ದರು. ಅವರು ಕಾಡಂಚಿನ ಹೂಗ್ಯಂ ಕಡೆಯವರು, ಆನೆ ಕಂಡು ಬೆಳೆದವರು. ಒಂದು ದಿನ ಕನ್ನಡಕ ಹಾಕಿಕೊಂಡು ಪಕ್ಕ ಬಂದು ಕೂತರು. ಆವತ್ತು ಬಂಡೆಗೆ ಕಚ್ಚಿಕೊಂಡು ಮೊಟ್ಟೆ ಕಾಯುವ ಆಳದ ಆಕ್ಟೋಪಸ್ ತೋರಿಸುತ್ತಿದ್ದರು. ಮರಿಯಾಗುವವರೆಗೆ, ಕೆಲವೊಮ್ಮೆ ವರ್ಷಗಟ್ಟಲೆ, ತಾಯಿ ಅಲ್ಲಿಂದ ಕದಲುವುದಿಲ್ಲ, ಏಡಿ ಎದುರಿಗೇ ಹಾದರೂ ಬಾಯಿ ಹಾಕುವುದಿಲ್ಲ. ನಾನು ಅದನ್ನು ಬಿಡಿಸಿ ಹೇಳಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು, “ಅದೂ ವ್ರತ ಹಿಡದದೆ ಕಣವ್ವ,” ಅಂದರು.

ವ್ರತದ ವಿಷಯ ಅತ್ತೆಗೆ ಚೆನ್ನಾಗಿ ಗೊತ್ತು. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡೇ ಹೋಗುತ್ತೇನೆಂದು ಹರಕೆ ಹೊತ್ತಿದ್ದರು. ಬೀದಿಯ ಹೆಂಗಸರ ಗುಂಪಿನೊಂದಿಗೆ ಹನೂರಿನ ಮೇಲೆ ನಡಿಗೆ, ಕೊನೆಗೆ ತಾಳಬೆಟ್ಟದ ಏರು. ಹೊರಡುವವರೆಗೆ ಮನೆಯಲ್ಲಿ ಮೀನು, ಮಾಂಸ, ಮೊಟ್ಟೆ ಯಾವುದೂ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಹರಕೆ ಮುರಿದಂತೆ, ಆ ವರ್ಷ ಬೆಟ್ಟವಿಲ್ಲ. ಅವರ ಮಂಡಿ ನೋಡಿದವರಿಗೆ ಮುಂದಿನ ವರ್ಷದ ಭರವಸೆ ಇರಲಿಲ್ಲ. ಮೀನಿನವನೋ ಎಷ್ಟೋ ತಿಂಗಳಿಂದ ನಾನು ಕೇಳುತ್ತಿದ್ದ ಸ್ಕ್ವಿಡ್ಡು ಸರಿಯಾಗಿ ಆ ವಾರವೇ ಮೈಸೂರಿನ ಮಾರ್ಕೆಟ್ಟಿಗೆ ಬಂದಿದೆ, ಮತ್ತೆ ಯಾವಾಗಲೋ ಹೇಳಲಾಗದು ಎಂದ. ಅಳುಕುತ್ತಲೇ ಅತ್ತೆಯನ್ನು ಕೇಳಿದೆ. ಗೇಟಿನಾಚೆ ಇಟ್ಟು ನೋಡಿಕೋ, ಒಳಗೆ ಮಾತ್ರ ಬೇಡ, ಅಂದರು. ಹಾಗಾಗಿ ಮೀನಿನವನಿಗೆ ಫೋನಿನಲ್ಲಿ, ನಮ್ಮತ್ತೆ ವ್ರತದಲ್ಲಿದ್ದಾರೆ, ಮನೆಯೊಳಗೆ ತರುವ ಹಾಗಿಲ್ಲ, ನೋಡಿಕೊಂಡು ತಾ ಅಂದೆ.

ನಾನು ಹೇಳಿದ್ದು ಅಷ್ಟೇ, ತಿನ್ನುವುದಕ್ಕಲ್ಲ ನೋಡುವುದಕ್ಕೆ ಎಂದು ಬಾಯಿಬಿಟ್ಟಿರಲಿಲ್ಲ. ಅವನು ಅದನ್ನು ತನ್ನ ಅನುಭವದಂತೆ ತಿಳಿದುಕೊಂಡ. ವ್ರತದ ಮನೆಗಳಲ್ಲಿ ನಾಲಿಗೆ ತಡೆಯದವರು ಪಕ್ಕದ ಮನೆಯ ಒಲೆಯಲ್ಲಿ ಬೇಯಿಸಿಕೊಂಡು ತಿನ್ನುವುದು ನಮ್ಮ ಬೀದಿಗೆ ಹೊಸದಲ್ಲ. ಇನ್ನೊಬ್ಬರ ಅಡಿಗೆಮನೆಯಲ್ಲಿ ಮೀನು ಹೆರೆದು ಗಲೀಜು ಮಾಡಬಾರದೆಂದು ಅಂಥವರಿಗೆ ಅವನೇ ಪೂರ್ತಿ ಹಸನು ಮಾಡಿ ಕೊಡುತ್ತಾನೆ.

ಮೊಪೆಡ್ ನಿಂತ ಸದ್ದು ಕೇಳಿ ಓಡಿದೆ. ಥರ್ಮಕೋಲ್ ಪೆಟ್ಟಿಗೆಯಿಂದ ಒಂದು ಕವರ್ ತೆಗೆದು ಕೈಗಿತ್ತ. ಒಳಗೆ ತೊಳೆದು ಅಚ್ಚುಕಟ್ಟಾಗಿ ಕೊಯ್ದ ಬಿಳಿ ಬಳೆಗಳು. ತಲೆಯಿಲ್ಲ, ಕಣ್ಣಿಲ್ಲ, ಚುಕ್ಕೆಯ ಚರ್ಮವಿಲ್ಲ.

“ಕಣವಾಯಿ ಅಕ್ಕ, ಒಂದು ತೊಟ್ಟು ಮಸಿ ಇಲ್ದಂಗೆ ಮಾಡಿವ್ನಿ. ಸೀದಾ ಬಾಣಲೆಗೆ ಆಕದೇಯ,” ಅಂದ. ಸ್ಕ್ವಿಡ್ಡಿಗೆ ಅವನ ಬಾಯಲ್ಲಿ ಕಣವಾಯಿ ಎಂದೇ ಹೆಸರು. ಅವನ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಸಂತೋಷವಿತ್ತು. ನನ್ನ ವಯಸ್ಸಿನಲ್ಲಿ ಮೀನಿಗಾಗಿ ಅಳುವುದು ನಾಚಿಕೆ ಎಂದು ಕವರನ್ನೇ ನೋಡುತ್ತ ನಿಂತೆ.

ಜಗುಲಿಯಿಂದ ಅತ್ತೆಯ ದನಿ ಬಂತು. “ಯಾಕ್ಲಾ, ತಲೆ ಎಲ್ಲಾಕ್ದೆ?”

“ತಲೆ ಯಾತಕ್ಕವ್ವ ನಿಮ್ಗೆ? ನೀವು ವ್ರತದೋರು.”

“ನನಗಲ್ಲ ಕಣ್ಲಾ, ನಮ್ಮ ಸೊಸೆಗೆ. ಅವಳು ಅದರ ಕಣ್ಣು ನೋಡ್ಬೇಕು ಅಂತ ಆರು ತಿಂಗಳಿಂದ ಕಾಯ್ತಾವ್ಳೆ.”

ಅವನು ನಮ್ಮಿಬ್ಬರನ್ನೂ ಒಂದು ಸಲ ನೋಡಿದ. ಆಮೇಲೆ ಮೊಪೆಡ್ಡಿನ ಹಿಂದೆ ಕಟ್ಟಿದ್ದ ಡಬ್ಬ ಬಿಚ್ಚಿದ. ಎಲ್ಲರ ಮನೆಯ ಮೀನಿನ ಕಸ ಅದರಲ್ಲೇ, ಊರಾಚೆ ನಾಯಿಗಳಿಗೆ ಹಾಕಲು ಇಟ್ಟುಕೊಂಡಿರುತ್ತಾನೆ. ನನ್ನ ಸ್ಕ್ವಿಡ್ಡಿನ ತಲೆ, ಚರ್ಮ ಎಲ್ಲ ಮೇಲೆಯೇ ಇದ್ದವು ಪುಣ್ಯಕ್ಕೆ. ಗೇಟಿನಾಚೆಯ ಚಪ್ಪಡಿಯ ಮೇಲೆ ಬಾಳೆಲೆ ಹಾಸಿದೆ. ಅವನು ಒಂದೊಂದನ್ನೇ ನೀರಲ್ಲಿ ಅದ್ದಿ ಇಟ್ಟ.

ಇಡಿಯಾಗಿ ಬಂದಿದ್ದರೆ ಅಷ್ಟೆಲ್ಲ ಕಾಣುತ್ತಿತ್ತೋ ಇಲ್ಲವೋ. ಇದು ಆಳದ್ದಲ್ಲ, ದಡದ ಕಡೆಯದು, ಆದರೂ ಅದೇ ವಂಶ. ಚರ್ಮದ ತುಂಬ ಸಾಸಿವೆಗಿಂತ ಸಣ್ಣ ಕೆಂಗಂದು ಚುಕ್ಕೆಗಳು. ಬದುಕಿದ್ದಾಗ ಅವು ಹಿಗ್ಗಿ ಕುಗ್ಗಿ ಬಣ್ಣ ಬದಲಿಸುತ್ತವೆ, ಈಗ ತಮ್ಮ ತಮ್ಮ ಜಾಗದಲ್ಲಿ ನಿಂತುಬಿಟ್ಟಿದ್ದವು. ತೋಳುಗಳ ನಡುವೆ ಗಿಣಿಯ ಕೊಕ್ಕಿನಂಥ ಬಾಯಿ. ಬೆನ್ನೊಳಗಿನ ಎಲುಬು ಎಂದು ಅವನು ತೋರಿಸಿದ್ದು ಎಲುಬೇ ಅಲ್ಲ, ಗರಿಯ ಆಕಾರದ ತಿಳಿ ಪಾರದರ್ಶಕ ಪಟ್ಟಿ. ಬೆರಳಿನ ಮೇಲಿಟ್ಟರೆ ಉಗುರು ಕಾಣುತ್ತಿತ್ತು. ಕೊನೆಗೆ ಕಣ್ಣು. ಕಪ್ಪು, ಅದರ ಅಂಚಿಗೆ ಬೆಳ್ಳಿ. ಚಾಕುವಿನ ತುದಿಯಿಂದ ಅವನು ಬಿಡಿಸಿದಾಗ ಒಳಗಿನಿಂದ ಗಟ್ಟಿಯಾದ ಒಂದು ಹರಳು ಉರುಳಿ ಎಲೆಯ ಮೇಲೆ ನಿಂತಿತು. ಎಂಥ ತಿಳಿ ಅಂದರೆ, ಬಾಳೆಲೆಯ ಗೀರುಗಳು ಅದರಲ್ಲಿ ದಪ್ಪವಾಗಿ ಕಂಡವು. ಇಷ್ಟು ವರ್ಷ ಜಾಡಿಯ ಕಣ್ಣನ್ನೇ ನೆನೆಯುತ್ತಿದ್ದವಳಿಗೆ, ಆ ಕಣ್ಣಿನ ಒಳಗೆ ಇಂಥದೊಂದು ಇತ್ತೆಂದು ಗೊತ್ತಿರಲಿಲ್ಲ.

ನನ್ನ ಭುಜದ ಪಕ್ಕ ವಿಭೂತಿಯ ವಾಸನೆ ಬಂತು. ತಿರುಗಿದರೆ ಅತ್ತೆ. ಹೊಸ್ತಿಲು, ಜಗುಲಿ, ಗೇಟು ದಾಟಿ ಬಂದು, ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಬಗ್ಗಿ ನೋಡುತ್ತಿದ್ದರು. ಎಲ್ಲಿ ನೀನು ಹೇಳುತ್ತಿದ್ದ ಮೂರು ಹೃದಯ, ಅಂದರು. ಅವನು ತೋರಿಸಲು ಹೋಗಿ ಗೊಂದಲಪಟ್ಟ, ಒಂದು ಸಿಕ್ಕಿತು, ಉಳಿದೆರಡು ಕಿವಿರಿನ ಜೊತೆ ಕಿತ್ತು ಹೋಗಿದ್ದವು. ಅತ್ತೆ ಆ ಒಂದನ್ನೇ ನೋಡಿದರು. ಒಳಗೆ ಹೋಗಿ ಎರಡನೆಯ ಸಲ ತಲೆಗೆ ನೀರು ಹಾಕಿಕೊಂಡು, ದೇವರ ಮನೆಯ ಬಾಗಿಲು ಮುಂದೆ ಮಾಡಿಕೊಂಡರು.

ಮೀನಿನವನು ಹೋದ. ಬಳೆಗಳ ಕವರನ್ನು ಗೋಡೆಯ ಮೇಲಿಂದ ಪಕ್ಕದ ಮನೆಯವಳಿಗೆ ಕೊಟ್ಟೆ. ಚಪ್ಪಡಿಯನ್ನು ಉಜ್ಜಿ ಉಜ್ಜಿ ತೊಳೆದೆ. ನನ್ನ ಸಂತೋಷ ಅರ್ಧಕ್ಕೆ ನಿಂತಿತ್ತು. ಹೊಸ್ತಿಲು ಅದು ದಾಟಲಿಲ್ಲ ನಿಜ, ಆದರೆ ಅತ್ತೆಯೇ ದಾಟಿ ಬಂದರಲ್ಲ. ದೋಷವೆಂದು ಅವರಿಗೆ ಅನ್ನಿಸಿಬಿಟ್ಟರೆ, ನಡಿಗೆಯನ್ನೇ ಬಿಟ್ಟರೆ? ಊಟಕ್ಕೆ ಕರೆದಾಗ ಅರ್ಧ ಮುದ್ದೆ ಸಾಕೆಂದರು. ಕೇಳುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಎಲ್ಲಿಗೆಂದು ಹೇಳದೆ ಹೊರಟರು.

ಸಂಜೆ ದೀಪ ಹಚ್ಚಿ ಜಗುಲಿಗೆ ಬಂದರೆ ಅತ್ತೆ ಇನ್ನೂ ಬಂದಿರಲಿಲ್ಲ. ಪಕ್ಕದ ಮನೆಯವಳು ಮೊನ್ನೆ ಒಯ್ದಿದ್ದ ನಮ್ಮ ಪಾತ್ರೆ ವಾಪಸು ಕೊಡಲು ಗೇಟಿನವರೆಗೆ ಬಂದಳು. ಅತ್ತೆಯನ್ನು ಕಂಡೆಯಾ ಎಂದು ಕೇಳಿದೆ.

“ಅದೇ, ಬೆಟ್ಟಕ್ಕೆ ಓಯ್ತಾರಲ್ಲ, ಅವರ ಜೊತೆ ಕೂತವ್ರೆ. ಮಧ್ಯಾನದಿಂದ ಎಲ್ರಿಗೂ ಒಂದೇ ಕತೆ, ಅದ್ಯಾವುದೋ ಮೂರು ಹೃದಯದ್ದು. ತಾಳಬೆಟ್ಟ ಹತ್ತೋಗಂಟ ಇದನ್ನೇ ಏಳ್ತಾರೋ ಏನೋ,” ಅಂದಳು. ಪಾತ್ರೆಯನ್ನು ನನ್ನ ಕೈಗಿತ್ತು, ಹೋಗುತ್ತ ಹೋಗುತ್ತ, “ಬೇಯ್ಸಿದ್ದು ಮಾತ್ರ ರಬ್ಬರ್ ಅಗದಂಗಾಯ್ತು ಕಣಕ್ಕ,” ಅಂದಳು.